ಶನಿವಾರ ಬಂತೆಂದರೆ ನೆಂಟರು, ಸೋಮವಾರ ಬಂತೆಂದರೆ ಒದ್ದೆ ಬಟ್ಟೆ
ಓದುಗರ ಪ್ರಶ್ನೆ, ಅಕ್ಕನ ಉತ್ತರ

ಪ್ರಶ್ನೆ: ಅಕ್ಕಾರ, ನಮಸ್ಕಾರ. ನಮ್ಮದು ವಿಜಯಪುರ. ಹೋದ ವರ್ಷ ಮದುವೆಯಾಯಿತು. ಇವರು ಬ್ಯಾಂಕಿನಲ್ಲಿದ್ದಾರೆ, ಮೇ ತಿಂಗಳಲ್ಲಿ ಮಡಿಕೇರಿಗೆ ವರ್ಗವಾಯಿತು. ಮಹದೇವಪೇಟೆ ಹಿಂದೆ ಒಂದು ಮನೆಯ ಮಹಡಿ ಬಾಡಿಗೆಗೆ ಹಿಡಿದಿದ್ದೇವೆ. ಬಂದ ಹೊಸದರಲ್ಲಿ ಮಂಜು, ತಂಪು ಗಾಳಿ ನೋಡಿ ಖುಷಿಪಟ್ಟೆ. ಜೂನ್‌ನಲ್ಲಿ ಹಿಡಿದ ಮಳೆ ಇನ್ನೂ ಬಿಟ್ಟಿಲ್ಲ. ಬಟ್ಟೆ ಒಣಗೋದಿಲ್ಲ, ಇವರ ಪ್ಯಾಂಟನ್ನು ರಾತ್ರಿ ಗ್ಯಾಸ್ ಒಲೆ ಮೇಲೆ ಹಿಡಿದು ಒಣಗಿಸುತ್ತೇನೆ. ಊರಿಂದ ತಂದ ಜ್ವಾಳದ ಹಿಟ್ಟು ಮುಗ್ಗಲು ಹಿಡಿಯಿತು. ಇದನ್ನೆಲ್ಲ ತಡಕೊಂಡೇನು. ತಡಿಲಿಕ್ಕೆ ಆಗದ್ದು ಶನಿವಾರ, ರವಿವಾರ. ಇವರ ಗೆಳೆಯರು, ಸೋದರಮಾವನ ಮಕ್ಕಳು, ಅವರ ಗೆಳೆಯರು ಎಲ್ಲ ಕೂರ್ಗ್ ನೋಡಬೇಕು ಅಂತ ಗಾಡಿ ಮಾಡಿಕೊಂಡು ಬರುತ್ತಾರೆ. ಎರಡು ಖೋಲಿ ಮನೆಯಲ್ಲಿ ಎಂಟ್ಹತ್ತು ಮಂದಿ. ನಾಷ್ಟಾ, ಊಟ, ಹಸಿ ಟವೆಲ್ಲಿನ ರಾಶಿ. ರಾಜಾಸೀಟು, ಅಬ್ಬಿ ಜಲಪಾತ ಎಲ್ಲರಿಗೂ ತೋರಿಸಿಯಾಯಿತು, ನಾವಿಬ್ಬರೇ ಒಂದು ಸಲವೂ ಹೋಗಿಲ್ಲ. "ಬರಬ್ಯಾಡ್ರಿ ಅಂತ ಹೆಂಗ ಹೇಳಬೇಕು?" ಅಂತ ಇವರು. ಕೆಳಗಿನ ಮನೆಯವರು ಕೊಡವರು. ತಮ್ಮತಮ್ಮಲ್ಲೇ ಅವರ ಭಾಷೆಯಲ್ಲಿ ಮಾತಾಡಿಕೊಳ್ಳುತ್ತಾರೆ, ನನ್ನ ಬಗ್ಗೆಯೇ ಅನ್ನಿಸುತ್ತದೆ. ಒಂದು ದಿನ ರೊಟ್ಟಿ ಬಡಿಯುವಾಗ ಮೇಲೆ ಬಂದು "ಎಂಥ ಸದ್ದು ಅದು?" ಅಂತ ಕೇಳಿದರು. ಅವತ್ತಿಂದ ಚಪಾತಿ ಒಂದೇ. ಮೊನ್ನೆ ಅತ್ತಾಗ ಇವರು, "ನಿನಗ ಈ ಊರು ಹೊಂದವಲ್ದು, ಮಳಿ ನಿಲ್ಲೂತನ ತವರಿಗೆ ಹೋಗಿ ಇರು" ಅಂದರು. ನಾನು ಬಿ.ಎಡ್. ಮಾಡಿದ್ದೇನೆ. ಹೋಗಲೇ, ಇರಲೇ?
(ಹೆಸರು ಬೇಡ, ಮಡಿಕೇರಿ)

ಉತ್ತರ: ತಂಗಿ, ನಿನ್ನ ಪತ್ರದಲ್ಲಿ ಮಳೆಯ ಮಾತು ಬಹಳ ಇದೆ. ನಾನು ಮತ್ತೆ ಮತ್ತೆ ಓದಿದ್ದು ಮಾತ್ರ ಒಂದೇ ಸಾಲನ್ನು: "ನಾವಿಬ್ಬರೇ ಒಂದು ಸಲವೂ ಹೋಗಿಲ್ಲ." ನಿನ್ನ ಕಷ್ಟದ ಬೇರು ಇರುವುದು ಅಲ್ಲಿ. ನಿನ್ನ ಗಂಡನಿಗೆ ಬಂದ ದಿನವೇ ಇಲ್ಲಿ ಒಂದು ಕುರ್ಚಿ, ಜೊತೆಗೆ ಚಹಾ ಕುಡಿಯುವ ನಾಲ್ಕು ಜನ, ಹೆಸರು ಹಿಡಿದು ಕರೆಯುವ ಗಿರಾಕಿಗಳು ಸಿಕ್ಕರು. ನಿನಗೆ ಸಿಕ್ಕಿದ್ದು ಎರಡು ಕೋಣೆ ಮತ್ತು ಒಂದು ಕಿಟಕಿ. ಊರನ್ನು ನಿನ್ನದು ಮಾಡಿಕೊಳ್ಳಲು ನಿಮ್ಮಿಬ್ಬರಿಗೂ ಇದ್ದದ್ದು ಭಾನುವಾರ ಒಂದೇ, ಅದನ್ನು ನೆಂಟರು ತೆಗೆದುಕೊಂಡರು. ಹಾಗಾಗಿ ಮೊದಲು ನೆಂಟರ ಮಾತು.

ಕೊಡಗಿನಲ್ಲಿ ಮನೆ ಮಾಡಿದ ಹೊರಗಿನವರೆಲ್ಲರ ಪಾಡೂ ಇದೇ. ಬೇರೆ ಊರಿಗೆ ವರ್ಗವಾದರೆ "ಹೇಗಿದೀರಿ" ಎಂದು ಫೋನ್ ಬರುತ್ತದೆ, ಮಡಿಕೇರಿಗೆ ವರ್ಗವಾದರೆ "ಯಾವಾಗ ಬರೋಣ" ಎಂದು ಬರುತ್ತದೆ. ಬರುವವರಲ್ಲಿ ಕೆಟ್ಟ ಮನಸ್ಸಿನವರು ಯಾರೂ ಇಲ್ಲ. ಇಲ್ಲಿಯ ಮಳೆಗಾಲ ಎಂದರೇನು ಎಂದು ಅವರಿಗೆ ಗೊತ್ತಿಲ್ಲ, ಅಷ್ಟೇ. ವಿಜಯಪುರದಲ್ಲಿ ವರ್ಷವಿಡೀ ಸುಮಾರು 600 ಮಿಲಿಮೀಟರ್ ಮಳೆ ಬಿದ್ದರೆ ಮಡಿಕೇರಿಯಲ್ಲಿ 3,000 ದಾಟುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಈ ತಿಂಗಳುಗಳಲ್ಲಿ ರಾಜಾಸೀಟಿನಲ್ಲಿ ನಿಂತರೆ ಎಷ್ಟೋ ದಿನ ಕಾಣುವುದು ಬರೀ ಬಿಳಿ ಮಂಜು. ಕಾವೇರಿ ತುಂಬಿದರೆ ದುಬಾರೆಯಲ್ಲಿ ದೋಣಿ ನಿಲ್ಲುತ್ತದೆ. ಭಾಗಮಂಡಲದ ತ್ರಿವೇಣಿ ಸಂಗಮ ಮುಳುಗುತ್ತದೆ. ಇದನ್ನೇ ಹೇಳಬೇಕು. "ಈಗ ಬಂದರೆ ಏನೂ ಕಾಣೋದಿಲ್ಲ, ರಸ್ತೆಯೂ ಸರಿಯಿಲ್ಲ. ನವೆಂಬರ್ ಕಳೆದ ಮೇಲೆ ಬನ್ನಿ, ಹಣ್ಣಾದ ಕಾಫಿ ತೋರಿಸುತ್ತೇವೆ" ಎಂದರೆ ಅದರಲ್ಲಿ ಸುಳ್ಳೂ ಇಲ್ಲ, ಒರಟುತನವೂ ಇಲ್ಲ. ಮಳೆ ಮುಗಿದ ಮೇಲೂ ಒಂದು ಕಟ್ಟು ಇರಲಿ: ಎರಡೂ ಕಡೆಯ ತಂದೆತಾಯಿ, ಒಡಹುಟ್ಟಿದವರು ಮನೆಯಲ್ಲಿ ಉಳಿಯಲಿ, ಉಳಿದವರಿಗೆ ಹೋಂಸ್ಟೇಯೋ ಲಾಡ್ಜೋ ನೋಡಿಕೊಡಿ, ಒಂದು ಹೊತ್ತಿನ ಊಟಕ್ಕೆ ಕರೆಯಿರಿ. ಆ ಒಂದು ಊಟವನ್ನು ನೀನು ಸಂತೋಷದಿಂದ ಬಡಿಸುತ್ತೀಯ ಎಂದು ನನಗೆ ಗೊತ್ತು. ತಿಂಗಳಲ್ಲಿ ಎರಡು ಭಾನುವಾರ ಯಾರಿಗೂ ಬಾಗಿಲು ತೆರೆಯಬೇಡಿ.

ಈಗ ಈ ಪುಟವನ್ನು ನಿನ್ನ ಗಂಡನ ಮುಂದೆ ಇಡು, ಅವನಿಗೂ ನಾಲ್ಕು ಮಾತು ಹೇಳುವುದಿದೆ.

ತಮ್ಮಾ, ನೆಂಟರಿಗೆ ಫೋನ್ ಮಾಡುವವನು ನೀನೇ ಆಗಬೇಕು. ನಿನ್ನ ಕಡೆಯವರಿಗೆ ಅವಳು ಬೇಡವೆಂದರೆ ಸೊಸೆ ಮನೆಗೆ ಸೇರಿಸಲಿಲ್ಲ ಎಂಬ ಮಾತು ಊರೆಲ್ಲ ಸುತ್ತುತ್ತದೆ, ನೀನು ಹೇಳಿದರೆ ಅರ್ಧ ದಿನ ಮುನಿಸಿಕೊಂಡು ಸುಮ್ಮನಾಗುತ್ತಾರೆ. ಇನ್ನೊಂದು. ಅತ್ತವಳಿಗೆ ನೀನು ಹೇಳಿದ್ದು ತವರಿಗೆ ಹೋಗು ಎಂದು. ಒಳ್ಳೆಯ ಮನಸ್ಸಿನಿಂದಲೇ ಹೇಳಿದೆ, ಅನುಮಾನವಿಲ್ಲ. ಅವಳ ಕಿವಿಗೆ ಅದು ಬಿದ್ದ ಬಗೆ ಬೇರೆ. ನಿನ್ನ ನೌಕರಿಗಾಗಿ ಆರು ನೂರು ಕಿಲೋಮೀಟರ್‌ಗೂ ಹೆಚ್ಚು ದೂರ ಬಂದವಳು ಅವಳು. "ನೀನು ಹೋದರೆ ನನಗೆ ಬೇಜಾರು" ಎಂಬ ಒಂದು ಮಾತನ್ನು ಅವಳು ಕಾಯುತ್ತಿದ್ದಳು ಎಂದು ನನಗನ್ನಿಸುತ್ತದೆ. ಸಂಜೆ ಬ್ಯಾಂಕಿನಿಂದ ಬಂದವನು ಒದ್ದೆ ಬಟ್ಟೆ ಕಳಚಿ ಬಕೆಟ್ಟಿಗೆ ಹಾಕಿ ಸುಮ್ಮನಾಗಬೇಡ, ಹಿಂಡಿ ಹಗ್ಗಕ್ಕೆ ಹಾಕು. ಮಡಿಕೇರಿಯ ಮಳೆಗಾಲದಲ್ಲಿ ಬಟ್ಟೆ ಒಣಗಿಸುವುದು ಒಬ್ಬರಿಂದ ಆಗುವ ಕೆಲಸವಲ್ಲ.

ಬಟ್ಟೆಯ ಮಾತು ಬಂತಲ್ಲ, ತಂಗಿ, ಗ್ಯಾಸ್ ಒಲೆ ಮೇಲೆ ಪ್ಯಾಂಟು ಹಿಡಿಯುವುದನ್ನು ಇವತ್ತೇ ನಿಲ್ಲಿಸು. ಬಟ್ಟೆಗೆ ಕಿಡಿ ಹತ್ತುವ ಭಯ ಒಂದಾದರೆ, ಕಿಟಕಿ ಮುಚ್ಚಿದ ಕೋಣೆಯಲ್ಲಿ ಬಹಳ ಹೊತ್ತು ಒಲೆ ಉರಿಯುವುದೂ ಒಳ್ಳೆಯದಲ್ಲ. ಇಲ್ಲಿ ಯಾರಾದರೂ ಅಗ್ಗಿಷ್ಟಿಕೆಯಲ್ಲಿ ಇದ್ದಿಲು ಹಾಕಿ ಅದರ ಮೇಲೆ ಬಿದಿರು ಬುಟ್ಟಿ ಕವುಚಿ ಬಟ್ಟೆ ಹರಡಲು ಹೇಳಿಕೊಟ್ಟಾರು. ಹಳೆಯ ಹೆಂಚಿನ ಮನೆಗಳಲ್ಲಿ, ಗಾಳಿಯಾಡುವ ಅಡುಗೆಮನೆಯಲ್ಲಿ ನಾವೂ ಹಾಗೆ ಮಾಡಿ ಬೆಳೆದವರೇ. ಆರ್‌ಸಿಸಿ ಮನೆಯ ಮಲಗುವ ಕೋಣೆಯಲ್ಲಿ ಮಾತ್ರ ಖಂಡಿತ ಬೇಡ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಮಲಗಿದವರಿಗೆ ಗೊತ್ತೇ ಆಗದೆ ಪ್ರಾಣ ತೆಗೆಯುತ್ತದೆ.

ಮಾಡಬೇಕಾದ್ದು ಇಷ್ಟು. ವಾರದ ಬಟ್ಟೆ ರಾಶಿ ಹಾಕಬೇಡ, ದಿನಾ ನಾಲ್ಕು ನಾಲ್ಕೇ ಒಗೆ. ಮೆಷೀನು ಇದ್ದರೆ ಒಗೆದಾದ ಮೇಲೆ ಇನ್ನೊಮ್ಮೆ ಬರೀ ಸ್ಪಿನ್ನಿಗೆ ಹಾಕು. ಮೆಟ್ಟಿಲ ಬಳಿಯೋ ಜಗಲಿಯಲ್ಲೋ ಶೀಟಿನ ಕೆಳಗೆ ಹಗ್ಗ ಕಟ್ಟಿಕೊಳ್ಳಲು ಮನೆಯ ಮಾಲೀಕರನ್ನು ಕೇಳು. ಒಂದು ದಿನ ಅಲ್ಲಿ ಆರಲಿ, ಮರುದಿನ ಒಳಗೆ ಫ್ಯಾನಿನ ಕೆಳಗೆ, ಕೊನೆಗೆ ಇಸ್ತ್ರಿ. ಕಾಟನ್ ಪ್ಯಾಂಟು, ಜೀನ್ಸು ಅಟ್ಟಕ್ಕೆ ಹೋಗಲಿ, ಬೇಗ ಒಣಗುವ ತೆಳು ಬಟ್ಟೆ ಸಾಕು. ಇಳಕಲ್ ಸೀರೆ ತಂದಿದ್ದರೆ ಬೀರುವಿನ ಗೋಡೆ ಕಡೆಗೆ ಒತ್ತಿ ಇಡಬೇಡ. ಬಿಸಿಲು ಇಣುಕಿದ ದಿನ ಬೇರೆಲ್ಲ ಕೆಲಸ ಬಿಟ್ಟು ಬೀರು ತೆರೆದಿಡು. ಉಪ್ಪು ಪ್ಲಾಸ್ಟಿಕ್ ಡಬ್ಬಿಯಲ್ಲಿ ಬೇಡ, ಪಿಂಗಾಣಿ ಭರಣಿಯಲ್ಲಿರಲಿ. ಒಂದು ಜೊತೆ ಗಂಬೂಟು ಕೊಂಡುಕೋ. ಹುಲ್ಲಿನ ಮೇಲೆ ನಡೆದು ಬಂದರೆ ಕಾಲಿಗೆ ಜಿಗಣೆ ಹತ್ತೀತು. ಕಿತ್ತು ಎಳೆಯದೆ ಒಂದು ಚಿಟಿಕೆ ಉಪ್ಪು ಹಾಕಿದರೆ ಬಿದ್ದುಹೋಗುತ್ತದೆ.

ಇನ್ನು ರೊಟ್ಟಿ. ಕೆಳಗಿನ ಆಂಟಿ "ಎಂಥ ಸದ್ದು ಅದು?" ಎಂದು ಕೇಳಿದ್ದನ್ನು ನೀನು ದೂರು ಎಂದುಕೊಂಡೆ. ನನಗೆ ಹಾಗೆ ಕಾಣುವುದಿಲ್ಲ. ಇಲ್ಲಿಯವರು ಕೇಳುವುದನ್ನು ನೇರವಾಗಿ ಕೇಳುತ್ತಾರೆ, ಸಿಟ್ಟಿದ್ದರೆ ಸಿಟ್ಟು ಎಂದೇ ಹೇಳುತ್ತಾರೆ. ಜೋಳದ ರೊಟ್ಟಿ ಬಡಿಯುವ ಸದ್ದನ್ನು ಅವರು ಜೀವಮಾನದಲ್ಲಿ ಕೇಳಿರಲಿಕ್ಕಿಲ್ಲ. ಮುಂದಿನ ಸಲ ಬಿಸಿ ರೊಟ್ಟಿ ಮೇಲೆ ಬೆಣ್ಣೆ, ಬದಿಗೆ ಶೇಂಗಾ ಚಟ್ನಿ ಇಟ್ಟು ಕೆಳಗೆ ತೆಗೆದುಕೊಂಡು ಹೋಗು. ಹಿಟ್ಟನ್ನು ಊರಿಂದ ಒಮ್ಮೆಗೇ ಹತ್ತು ಕಿಲೋ ತರಿಸಬೇಡ, ಬಂದಷ್ಟನ್ನು ಫ್ರಿಜ್ಜಿನಲ್ಲಿಡು. ಹಳತಾಗಿ ಜಿಗಿ ಹೋದ ಹಿಟ್ಟಿಗೆ ಕುದಿಯುವ ಎಸರು ಹಾಕಿ ನಾದಬೇಕು ಎಂದು ನಿನಗೆ ನಾನು ಹೇಳಬೇಕಿಲ್ಲ. ಅವರಿಂದ ಅಕ್ಕಿ ಒಟ್ಟಿ ಕಲಿತುಕೋ. ಅನ್ನವನ್ನೇ ಅಕ್ಕಿ ಹಿಟ್ಟಿನ ಜೊತೆ ನಾದಿ ನಾದಿ ನುಣ್ಣಗೆ ಮಾಡಿ ತಟ್ಟುತ್ತಾರೆ, ಬೇಯಿಸಿದರೆ ಪೂರಿಯಂತೆ ಉಬ್ಬುತ್ತದೆ. ರೊಟ್ಟಿ ಬಡಿದು ಪಳಗಿದ ಕೈಗೆ ಅದು ಒಂದೇ ದಿನದಲ್ಲಿ ಒಲಿಯುತ್ತದೆ.

ಮನೆಯೊಳಗೆ ಅವರು ಕೊಡವ ತಕ್ಕ್ ಆಡುವುದು ಅದು ಅವರ ಮನೆಮಾತು ಎಂದು. ನೀನು ಗಂಡನ ಜೊತೆ ವಿಜಯಪುರದ ಮಾತು ಆಡುವಾಗ ಅವರಿಗೂ ಅರ್ಧ ಅರ್ಥವಾಗುವುದಿಲ್ಲ, ನೆನಪಿರಲಿ. ಪಕ್ಕದ ಬೀದಿಗೆ ಹೋದರೆ ನನ್ನಂಥವರ ಅರೆಭಾಷೆ ಕೇಳುತ್ತದೆ, ಪೇಟೆಯಲ್ಲಿ ಮಲಯಾಳ, ತುಳು, ಬ್ಯಾರಿ ಎಲ್ಲ ಇದೆ. ಮಡಿಕೇರಿ ಆಕಾಶವಾಣಿಯನ್ನು 103.1ರಲ್ಲಿ ಹಾಕಿಕೊಂಡು ಅಡುಗೆ ಮಾಡು. ಕೊಡವ, ಅರೆಭಾಷೆ ಕಾರ್ಯಕ್ರಮಗಳೂ ಬರುತ್ತವೆ, ಕಿವಿ ತಾನಾಗಿ ಹೊಂದಿಕೊಳ್ಳುತ್ತದೆ. ಊರಿನ ಸುದ್ದಿಗೆ 'ಶಕ್ತಿ' ಪತ್ರಿಕೆ ತರಿಸು. ಯಾವ ಕಡೆ ಮರ ಬಿತ್ತು, ಎಲ್ಲಿ ಕರೆಂಟಿಲ್ಲ, ಶಾಲೆಗೆ ನಾಳೆ ರಜೆಯೇ ಎಲ್ಲವೂ ತಿಳಿಯುತ್ತದೆ, ಮಾತಿಗೆ ವಿಷಯವೂ ಸಿಗುತ್ತದೆ. ಶುಕ್ರವಾರದ ಸಂತೆಗೆ ನೀನೇ ಹೋಗು, ಆಂಟಿಯ ಜೊತೆಗಾದರೆ ಇನ್ನೂ ಒಳ್ಳೆಯದು. ಈಗ ಕಣಿಲೆ (ಎಳೆ ಬಿದಿರಿನ ಮೊಳಕೆ), ಕೆಸ, ಕಾಡಿನ ಅಣಬೆ ಬರುವ ಕಾಲ. ಕಣಿಲೆ ತಂದರೆ ಹೆಚ್ಚಿ ಎರಡು ಮೂರು ದಿನ ನೀರು ಬದಲಾಯಿಸುತ್ತ ನೆನೆಸಿಯೇ ಬೇಯಿಸಬೇಕು, ಹಸಿಯದು ವಿಷ. ಅಣಬೆಯನ್ನು ಗೊತ್ತಿದ್ದವರು ಆರಿಸಿಕೊಡದೆ ಕೊಳ್ಳಬೇಡ. ಆಗಸ್ಟ್ 3ಕ್ಕೆ ಕಕ್ಕಡ ಹದಿನೆಂಟು, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ. ಅವತ್ತು ಮದ್ದು ಸೊಪ್ಪಿನ ನೇರಳೆ ಬಣ್ಣದ ಪಾಯಸ ಕೆಳಗಿನಿಂದ ಮೇಲೆ ಬಂದರೆ ಎರಡು ಲೋಟ ಕುಡಿ. ಮರುದಿನ ಮೂತ್ರ ಕೆಂಪಾಗುತ್ತದೆ, ಗಾಬರಿಯಾಗಿ ಆಸ್ಪತ್ರೆಗೆ ಓಡಬೇಡ, ಅದು ಆ ಸೊಪ್ಪಿನ ಬಣ್ಣ.

ತವರಿಗೆ ಹೋಗಲೇ ಎಂದು ಕೇಳಿದ್ದೀಯ. ಪಂಚಮಿಗೆ ಹೋಗು. ನಿಮ್ಮ ಕಡೆ ಹೆಣ್ಣುಮಕ್ಕಳು ಪಂಚಮಿಗೆ ತವರಿಗೆ ಹೋಗುವುದು ಹಬ್ಬದಷ್ಟೇ ದೊಡ್ಡದು. ಉಂಡಿ ತಿನ್ನು, ಜೋಕಾಲಿ ಜೀಕು, ಅವ್ವನ ಹತ್ತಿರ ಮನಸ್ಸು ಬಿಚ್ಚಿ ಮಾತಾಡು. ಮೈಸೂರಿನಿಂದ ಗೋಲಗುಂಬಜ್ ಎಕ್ಸ್‌ಪ್ರೆಸ್ ಇದೆ, ರಾತ್ರಿ ಮಲಗಿ ಬೆಳಿಗ್ಗೆ ಊರಲ್ಲಿ ಇಳಿಯಬಹುದು. ಹೋಗುವಾಗಲೇ ಬರುವ ಟಿಕೆಟ್ಟೂ ತೆಗೆಸಿರಲಿ. ಮಳೆ ನಿಲ್ಲುವವರೆಗೆ ಅಲ್ಲೇ ಇರುವುದು ನನಗೆ ಒಪ್ಪಿಗೆಯಿಲ್ಲ, ಯಾಕೆಂದರೆ ಬರುವ ವರ್ಷವೂ ಜೂನ್ ಬರುತ್ತದೆ, ಆಗಲೂ ಈ ಊರು ನಿನಗೆ ಹೊಸದಾಗಿಯೇ ಇರುತ್ತದೆ. ಬಿ.ಎಡ್. ಪ್ರಮಾಣಪತ್ರ ಹಿಡಿದು ಬಿಇಒ ಕಚೇರಿಯಲ್ಲಿ ಅತಿಥಿ ಶಿಕ್ಷಕರ ಜಾಗ ಖಾಲಿ ಇದೆಯೇ ವಿಚಾರಿಸು, ಖಾಸಗಿ ಶಾಲೆಗಳಿಗೂ ಅರ್ಜಿ ಕೊಡು. ವರ್ಷದ ನಡುವೆ ಶಿಕ್ಷಕರು ಬಿಟ್ಟುಹೋಗಿ ಪರದಾಡುವ ಶಾಲೆಗಳು ಯಾವಾಗಲೂ ಇರುತ್ತವೆ. ಬರುವ ಭಾನುವಾರ ಯಾರೂ ಬರದಂತೆ ನೋಡಿಕೊಂಡು ನೀವಿಬ್ಬರೇ ಒಂದು ಕೊಡೆ ಹಿಡಿದು ಓಂಕಾರೇಶ್ವರ ದೇವಸ್ಥಾನದವರೆಗೆ ನಡೆದುಕೊಂಡು ಹೋಗಿ. ಕೆರೆಯ ನಡುವೆ ಮಂಟಪವಿದೆ. 1820ರಲ್ಲಿ ಕೊಡಗಿನ ಅರಸ ಲಿಂಗರಾಜ ಕಟ್ಟಿಸಿದ ಆ ಗುಡಿಯ ಗುಮ್ಮಟ ನೋಡಿದರೆ ನಿನಗೆ ನಿನ್ನೂರು ನೆನಪಾಗುತ್ತದೆ.

ಪ್ರಶ್ನೆ: ನಾನು ಮಡಿಕೇರಿಯಲ್ಲಿ ಶಿಕ್ಷಕ, ಪತ್ನಿಗೆ ಪಿರಿಯಾಪಟ್ಟಣದಲ್ಲಿ ಕೆಲಸ. ಚಿತ್ರದುರ್ಗದಿಂದ ಬರುತ್ತಿದ್ದೇವೆ. ಮನೆ ಮಡಿಕೇರಿಯಲ್ಲಿ ಮಾಡುವುದೋ, ಕುಶಾಲನಗರದಲ್ಲೋ?
(ಓದುಗ, ಚಿತ್ರದುರ್ಗ)

ಉತ್ತರ: ಕುಶಾಲನಗರದಲ್ಲಿ ಮಾಡಿ. ಮಡಿಕೇರಿಗೆ ಅಲ್ಲಿಂದ ಸುಮಾರು 30 ಕಿಲೋಮೀಟರ್, ಬಸ್ಸು ಬೇಕಾದಷ್ಟಿದೆ. ನಿಮ್ಮ ಪತ್ನಿಗೆ ಪಿರಿಯಾಪಟ್ಟಣ ಇನ್ನೂ ಹತ್ತಿರ. ಮಳೆಯೂ ಮಡಿಕೇರಿಗಿಂತ ಬಹಳ ಕಡಿಮೆ, ಬಟ್ಟೆ ಒಣಗುತ್ತದೆ. ಒಂದು ಎಚ್ಚರಿಕೆ: ಕಾವೇರಿ ದಂಡೆಯ ಬಡಾವಣೆಗಳಿಗೆ 2018, 2019ರಲ್ಲಿ ನೀರು ನುಗ್ಗಿತ್ತು. ಬಾಡಿಗೆ ಕಡಿಮೆ ಎಂದು ಹೊಳೆ ಬದಿಗೆ ಹೋಗುವ ಮೊದಲು ಮನೆಯ ಮಾಲೀಕರನ್ನಲ್ಲ, ಪಕ್ಕದ ಅಂಗಡಿಯವರನ್ನು ಕೇಳಿ, "ಆ ವರ್ಷ ನೀರು ಎಲ್ಲಿಯವರೆಗೆ ಬಂದಿತ್ತು?" ಎಂದು. ಕೈ ತೋರಿಸಿ ಹೇಳುತ್ತಾರೆ.

ಮಡಿಕೇರಿಯೇ ಬೇಕೆಂದಾದರೆ ಮನೆಯ ಹಿಂದೆ ಹೋಗಿ ಬರೆ, ಅಂದರೆ ಗುಡ್ಡದ ಕಡಿದಾದ ಬದಿ, ನೋಡಿ. ಗುಡ್ಡ ಕಡಿದು ನೆಟ್ಟಗೆ ನಿಲ್ಲಿಸಿದ ಬರೆಗೆ ತಾಗಿಕೊಂಡೇ ಗೋಡೆ ಇದ್ದರೆ ಆ ಮನೆ ಬೇಡ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳೇ ಜರಿದವು, ಪಟ್ಟಣದೊಳಗೆ ಇಂದಿರಾನಗರ, ಚಾಮುಂಡೇಶ್ವರಿ ನಗರದಲ್ಲೂ ಮನೆಗಳು ಹೋದವು. ನೆಲದಲ್ಲಿ ಹೊಸ ಬಿರುಕು, ಓರೆಯಾದ ಲೈಟು ಕಂಬ, ಇದ್ದಕ್ಕಿದ್ದಂತೆ ಬಿಗಿಯಾದ ಬಾಗಿಲು, ಬರೆಯಿಂದ ಕೆಸರು ನೀರು ಒಸರುವುದು, ಇವುಗಳಲ್ಲಿ ಒಂದು ಕಂಡರೂ ಆ ರಾತ್ರಿ ಅಲ್ಲಿ ಮಲಗಬಾರದು. ಜಿಲ್ಲಾ ವಿಪತ್ತು ಸಹಾಯವಾಣಿ 1077, ಇಬ್ಬರ ಫೋನಿನಲ್ಲೂ ಇರಲಿ. ಮುಂಗಡ ಕೊಡುವ ಮೊದಲು ಮನೆಯನ್ನು ಜೋರು ಮಳೆಯ ದಿನ ಒಮ್ಮೆ ನೋಡಿ, ಪತ್ನಿಯನ್ನೂ ಕರೆದುಕೊಂಡು ಹೋಗಿ.