ಪಂಚಾಯತ್ ವೆಬ್‌ಸೈಟಿನ ಕನ್ನಡ ಪುಟಗಳಿಗೆ ಜನ ಬರುತ್ತಿಲ್ಲ ಎಂದು ಅನಲಿಟಿಕ್ಸ್ ಹೇಳುತ್ತಿದೆ. ಕನ್ನಡ ವಿಭಾಗ ನಿಲ್ಲಿಸಬಹುದೇ? ಯಾವ ಅಂಕಿ ನೋಡಿ ತೀರ್ಮಾನಿಸಲಿ?

ನಿಲ್ಲಿಸಬೇಡಿ. ಮೊದಲು ಇದನ್ನು ಹೇಳಿಬಿಡುತ್ತೇನೆ, ಕಾರಣ ಆಮೇಲೆ.

ಕಾಸರಗೋಡು ಜಿಲ್ಲೆ, ಪಂಚಾಯತ್ ವೆಬ್‌ಸೈಟ್, ಕನ್ನಡ ಅನುವಾದ ದಂಡ ಎಂದು ಆಫೀಸಿನಲ್ಲಿ ಮಾತು, ಮುಂದಿನ ಮೀಟಿಂಗ್‌ಗೆ ಒಂದು ವರದಿ. ನೀವು ಬರೆದದ್ದೆಲ್ಲ ನನ್ನ ಕಥೆಯೇ. ಇದೇ ಜಿಲ್ಲೆಯ ಒಂದು ಸ್ಥಳೀಯಾಡಳಿತ ಕಚೇರಿಯಲ್ಲಿ ನಾನು ಕರಾರಿನ ಮೇಲೆ ಇದೇ ಕೆಲಸ ಮಾಡುತ್ತಿದ್ದೆ. ಇದೇ ಪ್ರಶ್ನೆ ನನ್ನ ಮುಂದೆಯೂ ಬಂತು. ನಾನು ಅಂಕಿ ನೋಡಿಯೇ ತೀರ್ಮಾನ ಕೊಟ್ಟೆ.

ಆಗ ಮಾಡಿದ್ದು ಸರಳ ಕೆಲಸ. ಸೈಟಿಗೆ ಬರುವವರನ್ನು ಎಣಿಸುವ ಗೂಗಲ್ ಅನಲಿಟಿಕ್ಸ್ ತೆರೆದೆ. ಪುಟಗಳ ವರದಿಗೆ ಹೋದೆ. ಕನ್ನಡ ಪುಟಗಳನ್ನು ಬೇರೆ ಮಾಡಿದೆ, ಮಲಯಾಳ ಪುಟಗಳನ್ನು ಬೇರೆ ಮಾಡಿದೆ, ಎರಡರ ವ್ಯೂಸ್ ಪಕ್ಕಪಕ್ಕ ಇಟ್ಟು ಒಂದು ಚಾರ್ಟ್ ಎಳೆದೆ. ಮಲಯಾಳದ ಕಂಬ ಎತ್ತರಕ್ಕೆ ಹೋಯಿತು, ಕನ್ನಡದ್ದು ನೆಲದಲ್ಲೇ ಇತ್ತು. ಮೀಟಿಂಗ್‌ನಲ್ಲಿ ಯಾರೂ ಎದುರು ಮಾತಾಡಲಿಲ್ಲ. ಕನ್ನಡದ ಮೇಲೆ ಪ್ರೀತಿ ಇದ್ದ ಮೆಂಬರುಗಳೂ ಸುಮ್ಮನಾದರು. ಅಂಕಿ ಇಟ್ಟವನ ಎದುರು ಏನು ಹೇಳುವುದು? ಕನ್ನಡದ ಮುಖಪುಟ ಇರಲಿ, ಹೊಸ ನೋಟಿಸು ಮತ್ತು ಅರ್ಜಿ ಮಲಯಾಳದಲ್ಲಿ ಮಾತ್ರ ಹಾಕಿದರೆ ಸಾಕು ಎಂದು ತೀರ್ಮಾನವಾಯಿತು.

ನಮ್ಮಲ್ಲಿ ವರ್ಷದ ಯೋಜನೆಗೆ ವೈಯಕ್ತಿಕ ಅರ್ಜಿ ಕರೆಯುತ್ತಾರಲ್ಲ, ಹಟ್ಟಿ ಕಟ್ಟಲು, ಮನೆಯ ಮಾಡಿನ ರಿಪೇರಿಗೆ, ಬಾವಿ ಸರಿ ಮಾಡಲು, ತೆಂಗಿಗೆ ಗೊಬ್ಬರಕ್ಕೆ ಎಂದು, ಆ ಸಮಯ ಬಂತು. ಆ ಸಲ ಅರ್ಜಿಯ ನಮೂನೆ ಬದಲಾಗಿತ್ತು. ಹೊಸ ಕಾಲಂಗಳು, ಹೊಸ ದಾಖಲೆಗಳು. ಮಲಯಾಳದ ಹೊಸ ಫಾರ್ಮ್ ವೆಬ್‌ಸೈಟಿಗೆ ಹೋಯಿತು. ಕನ್ನಡದ ಹಳೆಯ ಫಾರ್ಮ್ ಅಲ್ಲೇ ಉಳಿದಿತ್ತು, ಅದರ ಲಿಂಕ್ ವಾರ್ಡಿನ ವಾಟ್ಸಾಪ್ ಗ್ರೂಪುಗಳಲ್ಲಿ ಮತ್ತೆ ಓಡತೊಡಗಿತು. ಜನ ಅದನ್ನೇ ಪ್ರಿಂಟ್ ತೆಗೆದು, ತುಂಬಿಸಿ, ತೆಂಗಿನ ತೋಟದ ಕೆಲಸ ಬಿಟ್ಟು, ಬಸ್ಸು ಹಿಡಿದು ಬಂದರು. ಕೌಂಟರಿನಲ್ಲಿ ಇದು ಆಗುವುದಿಲ್ಲ ಎಂದು ವಾಪಸು ಕಳಿಸಿದರು. ಒಬ್ಬರು ಅಜ್ಜಿ ಕಾಗದ ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ಬಂದು, "ಮಗಾ, ಹೋದ ವರ್ಷ ನೀವೇ ಅಲ್ವಾ ಇದೇ ಕಾಗದ ಕೊಟ್ಟದ್ದು?" ಎಂದು ಕೇಳಿದರು. ಹೊಸದನ್ನು ಕೊಟ್ಟೆ. ಅದು ಮಲಯಾಳದಲ್ಲಿತ್ತು, ಅವರಿಗೆ ಓದಲು ಬರುವುದಿಲ್ಲ. ಓದಿ ಹೇಳಿ ತುಂಬಿಸಿಕೊಟ್ಟೆ. ಆದರೆ ದೂರದ ವಾರ್ಡಿನವರು ಎಷ್ಟೋ ಮಂದಿ ಎರಡನೇ ಸಲ ಬರಲೇ ಇಲ್ಲ. ಕೊನೆಯ ದಿನ ದಾಟಿತು. ಆ ವರ್ಷ ಅವರಿಗೆ ಸಿಗಬೇಕಾದ್ದು ಸಿಗಲಿಲ್ಲ.

ಯಾರೂ ನೋಡದ ಕನ್ನಡ ಫಾರ್ಮ್ ಇಷ್ಟು ಜನರ ಕೈಯಲ್ಲಿ ಹೇಗೆ ಬಂತು? ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಿಮ್ಮ ವರದಿಯಲ್ಲೂ ಇದೇ ಇರುವ ಸಾಧ್ಯತೆ ಜಾಸ್ತಿ.

ಅನಲಿಟಿಕ್ಸ್ ಎಣಿಸುವುದು ಪುಟದೊಳಗೆ ಇಟ್ಟ ಒಂದು ಸಣ್ಣ ಜಾವಾಸ್ಕ್ರಿಪ್ಟ್ ತುಣುಕಿನಿಂದ. ಬ್ರೌಸರ್ ಪುಟ ತೆರೆದಾಗ ಆ ತುಣುಕು ಓಡುತ್ತದೆ, ಗೂಗಲ್‌ಗೆ ಸುದ್ದಿ ಕಳಿಸುತ್ತದೆ, ಅದು ಒಂದು ವ್ಯೂ ಆಗುತ್ತದೆ. ಪಿಡಿಎಫ್‌ನಲ್ಲಿ ಆ ತುಣುಕು ಇಲ್ಲ. ಪುಟದಲ್ಲಿರುವ ಪಿಡಿಎಫ್ ಲಿಂಕನ್ನು ಯಾರಾದರೂ ಒತ್ತಿದರೆ ಜಿಎ4, ಅಂದರೆ ಗೂಗಲ್ ಅನಲಿಟಿಕ್ಸ್‌ನ ಈಗಿನ ಆವೃತ್ತಿ, ಅದನ್ನು ಫೈಲ್ ಡೌನ್‌ಲೋಡ್ ಎಂಬ ಈವೆಂಟ್ ಆಗಿ ಬರೆದುಕೊಳ್ಳುತ್ತದೆ. ಎನ್‌ಹಾನ್ಸ್ಡ್ ಮೆಷರ್‌ಮೆಂಟ್ ಎಂಬ ಸೆಟ್ಟಿಂಗ್ ಆನ್ ಇರಬೇಕು ಅಷ್ಟೆ. ಆದರೆ ಅದು ಪುಟಗಳ ವರದಿಯಲ್ಲಿ ಕಾಣುವುದಿಲ್ಲ, ಈವೆಂಟ್ಸ್‌ಗೆ ಹೋಗಿ ನೋಡಬೇಕು. ನಾನು ಹೋಗಿರಲಿಲ್ಲ. ಇನ್ನೂ ದೊಡ್ಡ ವಿಷಯ ಏನೆಂದರೆ, ವಾಟ್ಸಾಪಿನಲ್ಲಿ ಬಂದ ಲಿಂಕ್ ನೇರ ಪಿಡಿಎಫ್‌ಗೇ ಹೋಗುತ್ತಿದ್ದರೆ ಈವೆಂಟ್ ಕೂಡ ಆಗುವುದಿಲ್ಲ. ವಾರ್ಡ್ ಮೆಂಬರ್ ಒಮ್ಮೆ ಲಿಂಕ್ ಕಾಪಿ ಮಾಡಿ ಗ್ರೂಪಿಗೆ ಹಾಕಿದರು ಎಂದುಕೊಳ್ಳಿ. ಇಡೀ ಗ್ರೂಪು ಅದನ್ನು ತೆರೆದರೂ ಅನಲಿಟಿಕ್ಸ್ ಲೆಕ್ಕದಲ್ಲಿ ಸೊನ್ನೆ.

ಹಾಗಾದರೆ ಮಲಯಾಳಕ್ಕೂ ಅದೇ ಅನ್ಯಾಯ ಆಗಬೇಕಿತ್ತಲ್ಲ ಎಂದು ನೀವು ಕೇಳಬಹುದು. ಆಗಲಿಲ್ಲ, ಅದಕ್ಕೆ ಕಾರಣ ಕನ್ನಡ ಟೈಪಿಂಗಿನ ನುಡಿ ತಂತ್ರಾಂಶದ ಹಳೆಯ ಫಾಂಟು. ಮಲಯಾಳದ ನೋಟಿಸುಗಳನ್ನು ಯಾವ ಫೋನು, ಕಂಪ್ಯೂಟರಿನಲ್ಲೂ ಸರಿಯಾಗಿ ಕಾಣುವ ಯೂನಿಕೋಡ್‌ನಲ್ಲಿ ಟೈಪ್ ಮಾಡುತ್ತಿದ್ದರು, ನಾನು ಅದನ್ನು ನೇರ ಪುಟಕ್ಕೆ ಹಾಕುತ್ತಿದ್ದೆ. ಕನ್ನಡ ಅನುವಾದ ಬರುತ್ತಿದ್ದುದು ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ. ಪುಟಕ್ಕೆ ಅಂಟಿಸಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲ ಕಲಸಿದ ಹಾಗೆ ಕಾಣುತ್ತಿತ್ತು. ಅದಕ್ಕೆ ಪಿಡಿಎಫ್ ಮಾಡಿ ಲಿಂಕ್ ಕೊಡುತ್ತಿದ್ದೆ. ಅಂದರೆ ಮಲಯಾಳ ಓದುವವರು ಪುಟದಲ್ಲಿ ಓದುತ್ತಿದ್ದರು, ಕನ್ನಡ ಓದುವವರು ಪಿಡಿಎಫ್‌ನಲ್ಲಿ ಓದುತ್ತಿದ್ದರು. ನಾನು ಪುಟಗಳನ್ನು ಮಾತ್ರ ಎಣಿಸಿ, ಕನ್ನಡ ಓದುವವರೇ ಇಲ್ಲ ಎಂದು ಬರೆದುಕೊಟ್ಟೆ. ಹಳೆಯ ಫಾಂಟಿನ ಪಿಡಿಎಫ್‌ನೊಳಗಿನ ಮಾತು ಗೂಗಲ್ ಹುಡುಕಾಟಕ್ಕೂ ಸಿಗುವುದಿಲ್ಲ. ಹಾಗಾಗಿ ಮನೆ ರಿಪೇರಿ ಅರ್ಜಿ ಎಂದು ಕನ್ನಡದಲ್ಲಿ ಹುಡುಕಿದವರು ನಮ್ಮ ಸೈಟಿಗೆ ತಲುಪುವ ದಾರಿಯೇ ಇರಲಿಲ್ಲ.

ಗೊತ್ತಾದದ್ದು ಸರ್ವರ್ ಲಾಗ್ ತರಿಸಿ ನೋಡಿದಾಗ. ಸರ್ವರ್‌ಗೆ, ಅಂದರೆ ಸೈಟಿನ ಫೈಲುಗಳಿರುವ ಕಂಪ್ಯೂಟರಿಗೆ, ಯಾರು ಯಾವ ಫೈಲ್ ಕೇಳಿದರೂ ಲಾಗ್‌ನಲ್ಲಿ ಒಂದು ಸಾಲು ಬೀಳುತ್ತದೆ, ಪಿಡಿಎಫ್ ಆದರೂ ಸರಿ. ಅದರಲ್ಲಿ ಕನ್ನಡ ಅರ್ಜಿಯ ಫೈಲ್ ಇಡೀ ಸೈಟಿನಲ್ಲೇ ಜಾಸ್ತಿ ಜನ ಕೇಳಿದ ಫೈಲುಗಳ ಸಾಲಿನಲ್ಲಿತ್ತು. ಆ ದಿನ ನನಗೆ ಊಟ ಸೇರಲಿಲ್ಲ ಮಾರಾಯ್ರೆ.

ಲಾಗ್ ನೋಡುವಾಗಲೂ ಜಾಗ್ರತೆ ಬೇಕು. ಫೋನಿನಲ್ಲಿ ಪಿಡಿಎಫ್ ತೆರೆದರೆ ಅದು ಕೆಲವೊಮ್ಮೆ ತುಂಡು ತುಂಡಾಗಿ ಇಳಿಯುತ್ತದೆ, ಲಾಗ್‌ನಲ್ಲಿ 206 ಎಂಬ ಸಂಖ್ಯೆಯ ಸಾಲುಗಳು ಅವೇ. ಒಬ್ಬರೇ ತೆರೆದರೂ ಹಲವು ಸಾಲು ಬರುತ್ತದೆ. ಬಾಟ್‌ಗಳೂ, ಅಂದರೆ ತಾವಾಗಿಯೇ ಸೈಟು ತೆರೆಯುವ ಪ್ರೋಗ್ರಾಂಗಳೂ ಇರುತ್ತವೆ. ಮೊಬೈಲ್ ಕಂಪನಿಗಳು ಒಂದೇ ಐಪಿಯನ್ನು (ಇಂಟರ್ನೆಟ್ ವಿಳಾಸವನ್ನು) ತುಂಬ ಜನಕ್ಕೆ ಹಂಚುವುದರಿಂದ ಐಪಿ ಎಣಿಸಿದರೂ ತಲೆ ಎಣಿಸಿದ ಹಾಗಾಗುವುದಿಲ್ಲ. ಸರಿಯಾದ ಸಂಖ್ಯೆ ಸಿಗದಿದ್ದರೂ ಪರವಾಗಿಲ್ಲ, ಯಾವ ಫೈಲಿಗೆ ಬೇಡಿಕೆ ಇದೆ ಎಂಬುದು ಸ್ಪಷ್ಟವಾಗಿ ಕಾಣುತ್ತದೆ.

ಅಮೆರಿಕ ಸರ್ಕಾರದ ಸೈಟುಗಳ ಅಂಕಿಗಳನ್ನೆಲ್ಲ ಒಂದೇ ಪುಟದಲ್ಲಿ ತೋರಿಸುವ ಡ್ಯಾಶ್‌ಬೋರ್ಡ್ ಇದೆಯಲ್ಲ, ಅಂಥದ್ದು ನಮ್ಮಲ್ಲೂ ಮಾಡಬಹುದೇ ಎಂದೂ ನೀವು ಕೇಳಿದ್ದೀರಿ. ಅವರದ್ದು ನನಗೂ ಇಷ್ಟ. ಅಲ್ಲಿನ ಡಿಜಿಟಲ್ ಅನಲಿಟಿಕ್ಸ್ ಪ್ರೋಗ್ರಾಂ 2012ರಲ್ಲಿ ಶುರುವಾಯಿತು, 2015ರ ಮಾರ್ಚ್‌ನಲ್ಲಿ ಅದರ ಅಂಕಿಗಳನ್ನು ಎಲ್ಲರಿಗೂ ಕಾಣುವ ಹಾಗೆ ಅನಲಿಟಿಕ್ಸ್ ಡಾಟ್ ಯುಎಸ್ಎ ಡಾಟ್ ಗವ್ ಎಂಬಲ್ಲಿ ತೆರೆದಿಟ್ಟರು. ಈ ಕ್ಷಣ ಎಷ್ಟು ಜನ ಸರ್ಕಾರಿ ಸೈಟುಗಳಲ್ಲಿದ್ದಾರೆ, ಯಾವ ಪುಟ, ಯಾವ ಫೋನು, ಎಲ್ಲ ಅಲ್ಲಿ ಕಾಣುತ್ತದೆ. ಅಂಚೆ ಪಾರ್ಸೆಲ್ ಎಲ್ಲಿಗೆ ತಲುಪಿತು ಎಂದು ನೋಡುವವರು, ಹವಾಮಾನ ನೋಡುವವರು ಸಾಮಾನ್ಯವಾಗಿ ಮೇಲಿರುತ್ತಾರೆ. ಆದರೆ ಅಲ್ಲಿ ಡೌನ್‌ಲೋಡ್‌ಗಳಿಗೆ ಬೇರೆಯೇ ಪಟ್ಟಿ ಇದೆ ಎಂಬುದನ್ನು ಗಮನಿಸಿ. ಕಾರ್ಯಕ್ರಮಕ್ಕೆ ಸೇರಿದ ಸೈಟುಗಳ ಲೆಕ್ಕ ಮಾತ್ರ ಅದರಲ್ಲಿರುತ್ತದೆ. ನಮ್ಮ ಪಂಚಾಯತ್‌ಗೆ ಅಂಥ ಡ್ಯಾಶ್‌ಬೋರ್ಡ್ ಮಾಡಿ ಗೋಡೆಯ ಟಿವಿಯಲ್ಲಿ ಓಡಿಸಿದರೆ ನೋಡಲು ಚಂದ. ಅಜ್ಜಿಯ ಅರ್ಜಿಗೆ ಅದರಿಂದ ಏನೂ ಆಗುವುದಿಲ್ಲ. ಆ ಸಮಯವನ್ನು ಅರ್ಜಿ ಪುಟಗಳಿಗೆ ಕೊಡಿ.

ನಮ್ಮ ಕಡೆಗೇ ಸೇರಿದ ಇನ್ನೂ ಕೆಲವು ಇವೆ. ಜನರ ಪರವಾಗಿ ಆನ್‌ಲೈನ್ ಅರ್ಜಿ ತುಂಬಿಸಿಕೊಡುವ ಅಕ್ಷಯ ಕೇಂದ್ರದ ಒಂದೇ ಕಂಪ್ಯೂಟರಿನಲ್ಲಿ ದಿನಕ್ಕೆ ಎಷ್ಟೋ ಜನರ ಕೆಲಸ ಆಗುತ್ತದೆ, ಅನಲಿಟಿಕ್ಸ್‌ಗೆ ಆ ಬ್ರೌಸರ್ ಒಬ್ಬನೇ ಯೂಸರ್. ಅಲ್ಲಿ ಕೂತವರು ತಮಗೆ ಅಭ್ಯಾಸವಿರುವ ಮಲಯಾಳ ಪುಟವನ್ನೇ ತೆರೆಯುತ್ತಾರೆ, ಎದುರು ನಿಂತವರ ಭಾಷೆ ವರದಿಗೆ ಬರುವುದೇ ಇಲ್ಲ. ಭಾಷೆಯ ವರದಿ ಎಂದು ಒಂದಿದೆಯಲ್ಲ, ಅದು ತೋರಿಸುವುದು ಬ್ರೌಸರಿನ ಸೆಟ್ಟಿಂಗ್. ಬದಿಯಡ್ಕದಲ್ಲಿ, ಪೆರ್ಲದಲ್ಲಿ ಕನ್ನಡ ಶಾಲೆಯಲ್ಲೇ ಓದಿದವರ ಫೋನೂ ಇಂಗ್ಲಿಷಿನಲ್ಲಿರುತ್ತದೆ. ಊರಿನ ಹೆಸರನ್ನೂ ನಂಬಬೇಡಿ, ಅದು ಐಪಿ ನೋಡಿ ಮಾಡಿದ ಊಹೆ. ಮಂಜೇಶ್ವರದಲ್ಲಿ ಕೂತವರು ಮಂಗಳೂರಿನವರಾಗಿಯೋ ಕೊಚ್ಚಿಯವರಾಗಿಯೋ ಕಾಣಬಹುದು. ದುಬೈ, ಅಬುಧಾಬಿ ಕಂಡರೆ ಬಾಟ್ ಎಂದು ಅಳಿಸಬೇಡಿ. ನಮ್ಮ ಎಷ್ಟು ಮನೆಗಳ ಕಟ್ಟಡ ತೆರಿಗೆಯನ್ನು ಗಲ್ಫಿನಲ್ಲಿರುವ ಮಗ ಕಟ್ಟುತ್ತಾನೆ ಎಂಬುದು ನಿಮಗೇ ಗೊತ್ತು.

ಇಷ್ಟೆಲ್ಲ ಸರಿಪಡಿಸಿದ ಮೇಲೂ ಕನ್ನಡದ ಅಂಕಿ ಮಲಯಾಳಕ್ಕಿಂತ ಕಡಿಮೆಯೇ ಬರುತ್ತದೆ. ಜನಸಂಖ್ಯೆಯೇ ಕಡಿಮೆ. ಅದಕ್ಕೇ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಯಾವ ಅಂಕಿಗಿಂತ ಕೆಳಗೆ ಹೋದರೆ ನಿಲ್ಲಿಸಬಹುದು ಎಂದು ಕೇಳುತ್ತಿದ್ದೀರಿ. ಅಂಥ ಅಂಕಿ ಇಲ್ಲ. ಕನ್ನಡದವರು ಇಲ್ಲಿ ಭಾಷಾ ಅಲ್ಪಸಂಖ್ಯಾತರು. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಧಿಕಾರಿಗೆ ಅಹವಾಲು ಕೊಡುವ ಹಕ್ಕು ಸಂವಿಧಾನದ 350ನೇ ವಿಧಿಯಲ್ಲಿದೆ. ಕನ್ನಡದಲ್ಲಿ ಬರೆದು ಕೊಡಬಹುದು, ಆದರೆ ಏನು ಬರೆಯಬೇಕು ಎಂಬ ನೋಟಿಸು ಮಾತ್ರ ಕನ್ನಡದಲ್ಲಿ ಸಿಗುವುದಿಲ್ಲ ಎಂದರೆ ಯಾವ ನ್ಯಾಯ? ವ್ಯೂಸ್ ಕಡಿಮೆ ಇದ್ದರೆ ನೀವು ಹುಡುಕಬೇಕಾದ್ದು ಜನ ಎಲ್ಲಿ ತಡೆದು ನಿಂತರು ಎಂಬುದನ್ನು.

ಅದನ್ನು ಹುಡುಕಲು ಅನಲಿಟಿಕ್ಸ್ ನಿಜವಾಗಿ ಒಳ್ಳೆಯದು. ನಿಮ್ಮ ಸೈಟನ್ನು ಫೋನಿನಲ್ಲಿ ತೆರೆದು ಕನ್ನಡ ಎಂಬ ಬಟನ್ ಎಲ್ಲಿದೆ ನೋಡಿ. ನಮ್ಮದು ಮೂರು ಗೀಟಿನ ಮೆನುವಿನೊಳಗೆ ಅಡಗಿತ್ತು. ಅದನ್ನು ಮೇಲಕ್ಕೆ ತಂದಾಗಲೇ ಕನ್ನಡ ಪುಟಗಳಿಗೆ ಬರುವವರು ಕಣ್ಣಿಗೆ ಕಾಣುವಷ್ಟು ಹೆಚ್ಚಿದರು. ಸೈಟಿನೊಳಗೆ ಜನ ಏನು ಹುಡುಕುತ್ತಾರೆ ಎಂಬ ಪಟ್ಟಿ ತೆಗೆಯಿರಿ. ಗೂಗಲ್‌ನಲ್ಲಿ ಏನು ಹುಡುಕಿದಾಗ ನಿಮ್ಮ ಸೈಟು ಕಂಡಿತು ಎಂದು ತೋರಿಸುವ ಸರ್ಚ್ ಕನ್ಸೋಲ್ ಜೋಡಿಸಿ, 16 ತಿಂಗಳವರೆಗಿನ ಹುಡುಕಾಟದ ಮಾತುಗಳು ಅದರಲ್ಲಿ ಸಿಗುತ್ತವೆ, ಕನ್ನಡ ಲಿಪಿಯಲ್ಲಿ ಹುಡುಕಿದ್ದೂ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದು ಹುಡುಕಿದ್ದೂ. ಜಿಎ4ನ ಎಕ್ಸ್‌ಪ್ಲೊರೇಷನ್‌ಗಳಿಗೆ, ಅಂದರೆ ನಾವೇ ಮಾಡಿಕೊಳ್ಳುವ ವರದಿಗಳಿಗೆ, ಡೇಟಾ ಇಟ್ಟುಕೊಳ್ಳುವ ಅವಧಿ ಮೊದಲಿಗೆ 2 ತಿಂಗಳಿಗೆ ಇರುತ್ತದೆ, ಇವತ್ತೇ ಅದನ್ನು 14 ತಿಂಗಳಿಗೆ ಬದಲಿಸಿ, ಇಲ್ಲದಿದ್ದರೆ ಅವುಗಳಲ್ಲಿ ಹೋದ ವರ್ಷದ ಅರ್ಜಿ ಸಮಯದ ಜೊತೆ ಹೋಲಿಸಲು ಏನೂ ಉಳಿಯುವುದಿಲ್ಲ. ಎಲ್ಲಕ್ಕಿಂತ ಮೊದಲು ಕನ್ನಡವನ್ನು ಯೂನಿಕೋಡ್‌ನಲ್ಲಿ ಪುಟಕ್ಕೇ ಹಾಕಿ. ಫಾರ್ಮ್ ಪಿಡಿಎಫ್ ಆಗಿಯೇ ಇರಬೇಕಾದರೆ ವಾರ್ಡ್ ಮೆಂಬರುಗಳಿಗೆ ಆ ಪುಟದ ಲಿಂಕ್ ಕೊಡಿ, ಪಿಡಿಎಫ್‌ನದ್ದು ಬೇಡ. ನಮೂನೆ ಬದಲಾದರೆ ಹಳೆಯ ಫೈಲಿನ ವಿಳಾಸಕ್ಕೇ ಹೊಸ ಫೈಲ್ ಹಾಕಿ, ಆಗ ಗ್ರೂಪುಗಳಲ್ಲಿ ಓಡಾಡುವ ಹಳೆಯ ಲಿಂಕ್ ಕೂಡ ಹೊಸದನ್ನೇ ತೆರೆಯುತ್ತದೆ.

ಮೀಟಿಂಗ್‌ಗೆ ಮೊದಲು ಹೋಸ್ಟಿಂಗ್ ನೋಡಿಕೊಳ್ಳುವವರಿಂದ ಸರ್ವರ್ ಲಾಗ್ ಕೇಳಿ, ಬಾಯಿಮಾತಿನಲ್ಲಿ ಬೇಡ, ಕಾರ್ಯದರ್ಶಿಯವರ ಸಹಿ ಹಾಕಿಸಿ ಪತ್ರದಲ್ಲಿ ಕೇಳಿ. ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು ಎಂದು ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದಲ್ಲಿದೆ, ಅದು ಸರ್ಕಾರಿ ಸಂಸ್ಥೆಗಳಿಗೂ ಅನ್ವಯ. ಇಲ್ಲ ಎಂದರೆ ಅದನ್ನು ತೋರಿಸಿ. ಆರು ತಿಂಗಳು ಕಳೆದದ್ದು ಸಿಗದೇ ಹೋಗಬಹುದು, ಹಾಗಾಗಿ ಪತ್ರ ಈ ವಾರವೇ ಹೋಗಲಿ. ಲಾಗ್ ಸಿಕ್ಕಿ ಅದರಿಂದ ಪಿಡಿಎಫ್ ಸಾಲುಗಳನ್ನು ಬೇರೆ ಮಾಡುವುದು ಹೇಗೆ ಎಂದು ಗೊತ್ತಾಗದಿದ್ದರೆ ಇಲ್ಲೇ ಕೆಳಗೆ ಕೇಳಿ, ಬರೆಯುತ್ತೇನೆ.