ಪ್ರತಿಕ್ರಿಯೆ: ಎಐ ನೆರವಿನಿಂದ ಕಟ್ಟಿದ ಪ್ರಾಜೆಕ್ಟ್ ಸಂದರ್ಶನದಲ್ಲಿ ನಿಲ್ಲುತ್ತದೆಯೇ?

ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತ ಸಾಫ್ಟ್‌ವೇರ್ ಕ್ಷೇತ್ರಕ್ಕೆ ಬರಲು ಯತ್ನಿಸುತ್ತಿರುವ ನೀವು, ಎಐ ಉಪಕರಣ ಬರೆದುಕೊಟ್ಟ ಕೋಡ್‌ನಿಂದ ಕಟ್ಟಿದ ಪ್ರಾಜೆಕ್ಟನ್ನು ಸಂದರ್ಶನದಲ್ಲಿ ತೋರಿಸಬಹುದೇ ಎಂದು ಕೇಳಿದ್ದೀರಿ. ಖಂಡಿತ ತೋರಿಸಬಹುದು. ಆದರೆ ಎಲ್ಲರೂ ಮಾಡುವ ಟು-ಡೂ ಪಟ್ಟಿಯ ಬದಲು ಗಿರಣಿಯ ಭತ್ತ ಖರೀದಿಯ ಲೆಕ್ಕವನ್ನೇ ಆರಿಸಿಕೊಳ್ಳಿ.

ನಿಮ್ಮ ಭಾಗದಲ್ಲಿ ಭತ್ತದ ವ್ಯಾಪಾರ ಸಾಮಾನ್ಯವಾಗಿ 75 ಕೆ.ಜಿ. ಚೀಲದ ದರದಲ್ಲಿ ನಡೆಯುತ್ತದೆ, ಸರ್ಕಾರದ ಬೆಂಬಲ ಬೆಲೆಯೋ ಕ್ವಿಂಟಲ್‌ಗೆ. ಇದನ್ನು ಮೊದಲೇ ಹೇಳದಿದ್ದರೆ ಕರ್ಸರ್, ಕ್ಲಾಡ್ ಕೋಡ್‌ನಂಥ ಕೋಡ್ ಬರೆಯುವ ಎಐ ಉಪಕರಣಗಳು ಕ್ವಿಂಟಲ್ ಎಂದೇ ಊಹಿಸಿ, ನೋಡಲು ಅಚ್ಚುಕಟ್ಟಾದ ತಪ್ಪು ಬಿಲ್ಲನ್ನು ತಯಾರಿಸಿಬಿಡಬಹುದು. ಅದನ್ನು ಹಿಡಿಯಬಲ್ಲವರು ನೀವೇ, ನಿಮ್ಮ ಹಳೆಯ ವೃತ್ತಿಯ ಬೆಲೆ ಇರುವುದೂ ಅಲ್ಲಿಯೇ. ಹಾಗೆಯೇ ಹಣದ ಮೊತ್ತವನ್ನು ಫ್ಲೋಟ್ (ದಶಾಂಶ ಸಂಖ್ಯೆಗಳನ್ನು ಕಂಪ್ಯೂಟರ್ ಅಂದಾಜಾಗಿ ಇಡುವ ಬಗೆ) ಆಗಿ ಇಡಲು ಬಿಡಬೇಡಿ: ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುತ್ತದೆ, ಏಕೆಂದರೆ ಈ ಸಂಖ್ಯೆಗಳನ್ನು ಕಂಪ್ಯೂಟರ್ ಬಳಸುವ ದ್ವಿಮಾನ (0 ಮತ್ತು 1ರ) ಪದ್ಧತಿಯಲ್ಲಿ ನಿಖರವಾಗಿ ಬರೆಯಲಾಗದು. ಮೊತ್ತವನ್ನು ಪೈಸೆಗಳಲ್ಲಿ ಪೂರ್ಣಾಂಕವಾಗಿ ಇರಿಸಿ. ಕೈಯಿಂದ ಲೆಕ್ಕ ಹಾಕಿದ ಹಳೆಯ ಚೀಟಿಗಳನ್ನು ಟೆಸ್ಟ್‌ಗಳಾಗಿ (ಕೋಡ್ ಕೊಡುವ ಉತ್ತರ ಸರಿಯೇ ಎಂದು ತಾನಾಗಿ ಪರೀಕ್ಷಿಸುವ ಸಣ್ಣ ಕೋಡ್‌ಗಳಾಗಿ) ಬರೆದಿಟ್ಟು, ಉಪಕರಣ ಕೋಡ್ ಬದಲಿಸಿದಾಗಲೆಲ್ಲ ಅವನ್ನು ಓಡಿಸಿ, ಬದಲಾವಣೆಯ ಕಾರಣವನ್ನು ಕೋಡ್ ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ ನಿಮ್ಮ ಮಾತಿನಲ್ಲೇ ದಾಖಲಿಸಿ.

ರೈತರ ನಿಜ ಹೆಸರು, ಬ್ಯಾಂಕ್ ಖಾತೆಯ ವಿವರಗಳನ್ನು ಉಪಕರಣಕ್ಕೆ ಕೊಡಬಾರದು. ಮಾಲೀಕರ ಅನುಮತಿಯಿಲ್ಲದೆ ಗಿರಣಿಯ ದರಗಳನ್ನೂ ಕೊಡಬಾರದು.

ಸಂದರ್ಶನದಲ್ಲಿ ಎಐ ಬಳಸಿದ್ದನ್ನು ಮುಚ್ಚಿಡಬೇಡಿ. ಯಾವುದಾದರೂ ಫಂಕ್ಷನ್ (ಒಂದು ಕೆಲಸ ಮಾಡುವ ಕೋಡ್‌ನ ತುಂಡು) ತೋರಿಸಿ ‘ಇದು ಏಕೆ ಹೀಗಿದೆ’ ಎಂದು ಕೇಳಿದರೆ ನೀವು ಉತ್ತರಿಸಲಾರದ ಭಾಗಗಳನ್ನು ಮಾತ್ರ ಈಗಲೇ ಅಳಿಸಿ, ಉಪಕರಣದ ನೆರವಿಲ್ಲದೆ ಮತ್ತೆ ಬರೆಯಿರಿ.