ಗಣಿತ ಮರೆತಿದ್ದರೂ ಎಐ ಕಲಿಯಬಹುದು

ಬಿಕಾಂ ಮುಗಿಸಿದ್ದೇನೆ, ಗಣಿತ ಪಿಯುಸಿಗೇ ನಿಂತಿದೆ, ದುಡ್ಡು ಕಟ್ಟದೆ ವಿಶ್ವವಿದ್ಯಾಲಯದ ಎಐ ಕೋರ್ಸ್ ಮಾಡಬಹುದೇ ಎಂದು ಕೇಳಿದ್ದೀರಿ. ಖಂಡಿತ ಮಾಡಬಹುದು. ಆದರೆ ಮೊದಲು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕೈಗೆ ಹತ್ತಲಿ. ಹಾರ್ವರ್ಡ್‌ನ ಸಿಎಸ್50ಪಿ ಎಂಬ ಆನ್‌ಲೈನ್ ಕೋರ್ಸ್ ಅದಕ್ಕೆಂದೇ ಇದೆ, ಉಚಿತ.

ಆಮೇಲೆ ಅವರದೇ ಸಿಎಸ್50 ಎಐ ಹಿಡಿಯಿರಿ. ಮೊದಲ ಪಾಠದಲ್ಲೇ X-O ಆಟವಾದ ಟಿಕ್-ಟ್ಯಾಕ್-ಟೋ ಆಡುವ ಪ್ರೋಗ್ರಾಂ ಬರೆಸುತ್ತಾರೆ. ನಾನು ಬರೆದದ್ದು ಶುರುವಿನಲ್ಲಿ ಸುಮ್ಮನೆ ಸೋಲುತ್ತಿತ್ತು. ಎರಡು ಸಂಜೆ ತಲೆ ಕೆಡಿಸಿಕೊಂಡ ಮೇಲೆ ತಿಳಿಯಿತು: ಎದುರಾಳಿಯ ಸರದಿಯಲ್ಲೂ ನಾನು ಗರಿಷ್ಠ ಅಂಕವನ್ನೇ ಹುಡುಕುತ್ತಿದ್ದೆ, ಅಲ್ಲಿ ಕನಿಷ್ಠ ಬೇಕಿತ್ತು. ಆ ಒಂದು ಸಾಲು ತಿದ್ದಿದೆ, ನೋಡಿ, ಮತ್ತೆ ಅದನ್ನು ಸೋಲಿಸಲು ನನ್ನಿಂದ ಆಗಲೇ ಇಲ್ಲ! ನನ್ನ ಸರದಿಯಲ್ಲಿ ಗರಿಷ್ಠ, ಎದುರಾಳಿಯ ಸರದಿಯಲ್ಲಿ ಕನಿಷ್ಠ ಹುಡುಕುವ ಈ ‘ಮಿನಿಮ್ಯಾಕ್ಸ್’ ವಿಧಾನ ಅಂದರೇನು ಅಂತ ಅವತ್ತು ಅರ್ಥವಾಯಿತು. ಬರೀ ವಿಡಿಯೊ ನೋಡಿದರೆ ಇದು ಸಿಗುವುದಿಲ್ಲ, ದಯವಿಟ್ಟು ಪ್ರಾಜೆಕ್ಟ್ ಬಿಡಬೇಡಿ.

ಮ್ಯಾಟ್ರಿಕ್ಸ್ ಕಂಡು ಗಾಬರಿಯಾದರೆ ಅಮೆರಿಕದ ಎಂಐಟಿಯ ಗಿಲ್ಬರ್ಟ್ ಸ್ಟ್ರ್ಯಾಂಗ್ ಅವರ ಲೀನಿಯರ್ ಆಲ್ಜೀಬ್ರಾ (ಮ್ಯಾಟ್ರಿಕ್ಸ್‌ಗಳ ಗಣಿತ) ಪಾಠಗಳಿವೆ. ಅಷ್ಟು ನಿಧಾನವಾಗಿ, ಪ್ರೀತಿಯಿಂದ ಹೇಳಿಕೊಡುವವರು ಅಪರೂಪ.

ನಮ್ಮ ದೇಶದ ಆನ್‌ಲೈನ್ ಪಾಠಗಳ ತಾಣವಾದ ಎನ್‌ಪಿಟಿಇಎಲ್‌ನಲ್ಲಿ ಐಐಟಿ ಮದ್ರಾಸಿನ ದೀಪಕ್ ಖೇಮಾನಿ ಅವರ ಎಐ ಪಾಠಗಳೂ ಇವೆ. ಕಲಿಯಲು ಶುಲ್ಕವಿಲ್ಲ. ಸರ್ಟಿಫಿಕೇಟ್ ಬೇಕಾದರೆ ಮಾತ್ರ ಶುಲ್ಕ ಕಟ್ಟಿ, ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು.